ಆಟ ಮಗಳದು, ಆಸೆ ಯಾರದು?

ಅಮೆರಿಕದ ಕ್ಯಾಲಿಫೋರ್ನಿಯ, ಟೆಕ್ಸಾಸ್, ಫ್ಲಾರಿಡಗಳಂಥ ಬೆಚ್ಚನೆಯ ರಾಜ್ಯಗಳಲ್ಲಿ ಶನಿವಾರ ಬೆಳಗಾಯಿತೆಂದರೆ ಸಾಫ್ಟ್‌ಬಾಲ್ ಮೈದಾನಗಳು ಹೆಣ್ಣುಮಕ್ಕಳಿಂದ ತುಂಬಿಹೋಗುತ್ತವೆ. ಒಂದೇ ಆವರಣದಲ್ಲಿ ನಾಲ್ಕೈದು ಅಂಕಣಗಳು. ಹತ್ತರ ಹರೆಯದವರು ಒಂದು ಕಡೆ, ಹದಿನಾರರವರು ಇನ್ನೊಂದು ಕಡೆ. ತಂತಿಬೇಲಿಯ ಆಚೆ ಮಡಿಸುವ ಕುರ್ಚಿ, ಐಸ್ ಪೆಟ್ಟಿಗೆ, ಬಿಸಿಲಿಗೆ ಕಟ್ಟಿದ ಬಟ್ಟೆಯ ಚಪ್ಪರ. ತಂದೆ-ತಾಯಿಯರ ಸಂಸಾರವೇ ಅಲ್ಲಿ ಬೀಡುಬಿಟ್ಟಿರುತ್ತದೆ. ಬೆಳಿಗ್ಗೆ ಶುರುವಾದ ಪಂದ್ಯಗಳು ದೀಪ ಹಚ್ಚಿದ ಮೇಲೂ ನಡೆಯುವುದುಂಟು. ಭಾನುವಾರವೂ ಅದೇ ಪಾಡು.

ಬೇಲಿಯ ಒಳಗಿರುವ ಮಗಳು ಏಕೆ ಆಡುತ್ತಾಳೆ? ಹೊರಗೆ ಕುಳಿತ ತಂದೆ-ತಾಯಿ ಏಕೆ ಆಡಿಸುತ್ತಾರೆ? ಎರಡಕ್ಕೂ ಉತ್ತರ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಮೊದಮೊದಲು ಅದು ನಿಜವೂ ಹೌದು. ಆದರೆ ವರ್ಷ ಕಳೆದಂತೆ ಇಬ್ಬರ ಉತ್ತರಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹಾಗಾಗಿದ್ದು ಬಹಳ ದಿನ ಇಬ್ಬರಿಗೂ ತಿಳಿಯುವುದಿಲ್ಲ. ತೊಡಕು ಇರುವುದೇ ಅಲ್ಲಿ.

ಮೆತ್ತಗಿಲ್ಲದ ಚೆಂಡು

ಹೆಸರಿನಲ್ಲಿ 'ಸಾಫ್ಟ್' ಎಂದಿದ್ದರೂ ಈ ಚೆಂಡು ಮೆತ್ತಗಿಲ್ಲ. 1887ರಲ್ಲಿ ಷಿಕಾಗೊದ ಕ್ಲಬ್ಬೊಂದರಲ್ಲಿ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಬಾಕ್ಸಿಂಗ್ ಕೈಗವಸನ್ನು ದಾರದಿಂದ ಬಿಗಿದು ಉಂಡೆ ಮಾಡಿ, ಸೂರಿನಡಿ ಆಡುವ ಬೇಸ್‌ಬಾಲ್ ಆಗಿ ಇದನ್ನು ಆರಂಭಿಸಿದ. ಇಂದಿನ ಚೆಂಡಿನ ಸುತ್ತಳತೆ 12 ಅಂಗುಲ. ಚೆಂಡೆಸೆಯುವ ಹುಡುಗಿ, ಅಂದರೆ ಪಿಚರ್, ತೋಳನ್ನು ಗಾಳಿಗಿರಣಿಯಂತೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಕೆಳಗೈಯಲ್ಲಿ ಎಸೆಯುತ್ತಾಳೆ. ಕಾಲೇಜು ಮಟ್ಟದಲ್ಲಿ ಎಸೆತದ ಅಂತರ 43 ಅಡಿ. ಗಂಟೆಗೆ ನೂರು ಕಿಲೋಮೀಟರ್ ವೇಗದ ಚೆಂಡು ಆ ದೂರ ಕ್ರಮಿಸಲು ಅರ್ಧ ಸೆಕೆಂಡೂ ಬೇಕಿಲ್ಲ. ಅಷ್ಟರೊಳಗೆ ನೋಡಿ, ನಿರ್ಧರಿಸಿ ಬ್ಯಾಟು ಬೀಸಬೇಕು! ಈ ವಿದ್ಯೆ ಕೈವಶವಾಗಲು ಹಲವು ವರ್ಷ ಬೇಕು.

ಹೆಣ್ಣುಮಕ್ಕಳಿಗೆ ಈ ಮೈದಾನ ತಾನಾಗಿ ದಕ್ಕಿದ್ದಲ್ಲ. 1972ರಲ್ಲಿ ನ್ಯೂಜೆರ್ಸಿಯ ಹೊಬೊಕನ್ ಊರಿನಲ್ಲಿ ಮರಿಯಾ ಪೆಪೆ ಎಂಬ ಬಾಲಕಿ ಹುಡುಗರ 'ಲಿಟಲ್ ಲೀಗ್' ಬೇಸ್‌ಬಾಲ್ ತಂಡದಲ್ಲಿ ಮೂರು ಪಂದ್ಯ ಆಡುವಷ್ಟರಲ್ಲಿ ಹೊರಬೀಳಬೇಕಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 1974ರಲ್ಲಿ ತೀರ್ಪು ಹುಡುಗಿಯರ ಪರವಾಗಿ ಬಂತು. ಅದೇ ವರ್ಷ ಲಿಟಲ್ ಲೀಗ್ ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ವಿಭಾಗ ತೆರೆಯಿತು. ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು-ಗಂಡೆಂಬ ಭೇದ ಸಲ್ಲದು ಎನ್ನುವ 'ಟೈಟಲ್ ನೈನ್' ಕಾನೂನು ಬಂದದ್ದೂ 1972ರಲ್ಲೇ. ಇದರ ಫಲವಾಗಿ ಕಾಲೇಜುಗಳಲ್ಲಿ ಮಹಿಳಾ ತಂಡಗಳು ಹುಟ್ಟಿದವು. ಆಟಗಾರ್ತಿಯರಿಗೆ ವಿದ್ಯಾರ್ಥಿವೇತನವೂ ಬಂತು.

ಈ ಏಣಿ ಇನ್ನೂ ಸಿದ್ಧವಾಗದ ಕಾಲದಲ್ಲಿ ಬೆಳೆದವರು ಡಾಟ್ ರಿಚರ್ಡ್‌ಸನ್. ಹತ್ತರ ವಯಸ್ಸಿನಲ್ಲಿ ಅವರ ಎಸೆತ ಕಂಡ ತರಬೇತುದಾರರೊಬ್ಬರು, ಕೂದಲು ಕತ್ತರಿಸಿಕೊಂಡು 'ಬಾಬ್' ಎಂಬ ಹುಡುಗನ ಹೆಸರಿನಲ್ಲಿ ಆಡುವುದಾದರೆ ತಂಡಕ್ಕೆ ಸೇರಿಸುವುದಾಗಿ ಹೇಳಿದರಂತೆ. ಡಾಟ್ ಒಪ್ಪಲಿಲ್ಲ. ಹದಿಮೂರಕ್ಕೇ ವಯಸ್ಕ ಮಹಿಳೆಯರ ತಂಡದಲ್ಲಿ ಜಾಗ ಗಿಟ್ಟಿಸಿದರು. ಮುಂದೆ ಓದಿ ಮೂಳೆ ಶಸ್ತ್ರವೈದ್ಯೆಯಾಗುವ ಹಾದಿಯಲ್ಲಿದ್ದಾಗಲೇ 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಚೀನಾ ವಿರುದ್ಧದ ಫೈನಲ್‌ನಲ್ಲಿ ಹೋಂ ರನ್ ಬಾರಿಸಿ ಚಿನ್ನ ಗೆದ್ದರು. ಆಗ ಅವರಿಗೆ 34. ಅವರು ಆಟ ಶುರುಮಾಡಿದಾಗ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ! ಆಟದ ಮೇಲಿನ ಪ್ರೀತಿಯಲ್ಲದೆ ಬೇರೆ ಲಾಭವನ್ನು ಅಂದು ಯಾರೂ ಲೆಕ್ಕ ಹಾಕುವಂತಿರಲಿಲ್ಲ.

ಹೆತ್ತವರ ಲೆಕ್ಕ

ಇಂದು ಲೆಕ್ಕ ಹಾಕಬಹುದು. ಶಾಲಾ ತಂಡದ ಜೊತೆಗೆ 'ಟ್ರಾವೆಲ್ ಬಾಲ್' ಎಂಬ ಖಾಸಗಿ ಕ್ಲಬ್‌ಗಳ ವ್ಯವಸ್ಥೆ ಬೆಳೆದಿದೆ. ಆಯ್ಕೆಯಾದ ಹುಡುಗಿ ವಾರಾಂತ್ಯಗಳಲ್ಲಿ ಊರಿಂದೂರಿಗೆ, ಬೇಸಿಗೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗಿ ಆಡುತ್ತಾಳೆ. ಕ್ಲಬ್ ಶುಲ್ಕ, ಸಮವಸ್ತ್ರ, ಬ್ಯಾಟು, ಪಿಚಿಂಗ್‌ಗೆ ಪ್ರತ್ಯೇಕ ಪಾಠ, ಪೆಟ್ರೋಲು, ಹೋಟೆಲು ಎಲ್ಲ ಸೇರಿದರೆ ವರ್ಷಕ್ಕೆ ಸಾವಿರಾರು ಡಾಲರ್.

ಇಷ್ಟು ಖರ್ಚು ಮಾಡುವ ತಂದೆ-ತಾಯಿಯರ ಉದ್ದೇಶ ಕೆಟ್ಟದ್ದೇನಲ್ಲ. ಮಗಳು ಗಟ್ಟಿಯಾಗಲಿ, ಸೋಲು ತಡೆದುಕೊಳ್ಳಲು ಕಲಿಯಲಿ, ಒಳ್ಳೆಯ ಸಹವಾಸದಲ್ಲಿರಲಿ ಎಂಬ ಆಸೆ ಇರುತ್ತದೆ. ಮಗಳೊಡನೆ ಕಳೆಯುವ ಹೊತ್ತಿನ ಆಸೆಯೂ ಇರುತ್ತದೆ. ಒಲಿಂಪಿಕ್ ಚಿನ್ನ ಗೆದ್ದ ಪಿಚರ್ ಜೆನ್ನಿ ಫಿಂಚ್ ಅವರ ತಂದೆ ಮಗಳ ತೋಳು ಬಲಗೊಳ್ಳಲೆಂದು ತಾವೇ ಒಂದು ವ್ಯಾಯಾಮ ಸಾಧನವನ್ನು ರೂಪಿಸಿದ್ದರು. ಇಂಥ ಮಮತೆಯನ್ನು ಯಾರು ತಪ್ಪೆನ್ನುತ್ತಾರೆ?

ಆದರೆ ಇದರ ಜೊತೆಗೇ ಇನ್ನೊಂದು ಲೆಕ್ಕ ಮೆಲ್ಲಗೆ ಒಳಬರುತ್ತದೆ. ಅದೇ ಕಾಲೇಜು ವಿದ್ಯಾರ್ಥಿವೇತನ. ಅಮೆರಿಕದಲ್ಲಿ ಕಾಲೇಜು ಓದು ದುಬಾರಿ. ಇಂದಿನ ಖರ್ಚು ನಾಳೆ ಮರಳಿ ಬಂದೀತು ಎಂಬುದು ಅನೇಕರ ಭರವಸೆ. ಅಂಕಿಅಂಶ ಬೇರೆಯೇ ಹೇಳುತ್ತದೆ. ಪ್ರೌಢಶಾಲೆಗಳಲ್ಲಿ ಸಾಫ್ಟ್‌ಬಾಲ್ ಆಡುವ ಹುಡುಗಿಯರು ಮೂರು ಲಕ್ಷಕ್ಕೂ ಹೆಚ್ಚು. ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೂರೂ ವಿಭಾಗಗಳಲ್ಲಿ ಆಡುವವರು ಸುಮಾರು 20,000. ಇದರಲ್ಲಿ ಮೂರನೆಯ ವಿಭಾಗದ ಕಾಲೇಜುಗಳು ಕ್ರೀಡಾ ವೇತನ ಕೊಡುವುದೇ ಇಲ್ಲ. ಮೊದಲ ವಿಭಾಗದಲ್ಲೂ ಒಂದು ತಂಡಕ್ಕೆ ಬಹುಕಾಲ ಇದ್ದದ್ದು 12 ಪೂರ್ಣ ವೇತನಗಳಷ್ಟು ಮೊತ್ತ ಮಾತ್ರ. ಅದನ್ನು ಇಪ್ಪತ್ತು ಜನರಿಗೆ ಹಂಚಿದರೆ ಒಬ್ಬೊಬ್ಬಳಿಗೆ ಸಿಗುವುದು ಅರೆಬರೆ ಪಾಲು. 2025ರಲ್ಲಿ ಈ ನಿಯಮ ಬದಲಾಯಿತು. ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳು 25 ಮಂದಿಯ ಇಡೀ ತಂಡಕ್ಕೆ ವೇತನ ಕೊಡಬಹುದು. ಆದರೆ ಕೊಡಲೇಬೇಕೆಂಬ ಕಡ್ಡಾಯವಿಲ್ಲ.

ಈ ಪೈಪೋಟಿ ಎಳೆಯ ವಯಸ್ಸಿಗೂ ಇಳಿದಿತ್ತು. ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರಿಂದಲೇ ಕಾಲೇಜು ತರಬೇತುದಾರರು ಬಾಯಿಮಾತಿನ ಒಪ್ಪಿಗೆ ಪಡೆಯುವ ಪರಿಪಾಠ ಬೆಳೆದಿತ್ತು. ಮಗುವಿಗೆ ತಾನು ಏನು ಓದಬೇಕೆಂದೇ ತಿಳಿಯದ ವಯಸ್ಸು ಅದು! ಕೊನೆಗೆ 2018ರಲ್ಲಿ ಎನ್‌ಸಿಎಎ ಮಧ್ಯೆ ಬಂದು, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಇಂಥ ಮಾತುಕತೆ ಕೂಡದು ಎಂದು ನಿಯಮ ಮಾಡಿತು.

ಮಗಳ ಲೆಕ್ಕ

ಹುಡುಗಿಯರ ಲೆಕ್ಕ ಸರಳ. ಜೊತೆಗೆ ಗೆಳತಿಯರಿರಬೇಕು, ಕಲಿತದ್ದು ಕೈಗೆ ಹತ್ತಬೇಕು, ಕೋಚ್ ಮರ್ಯಾದೆಯಿಂದ ಮಾತನಾಡಬೇಕು. ಸಾಫ್ಟ್‌ಬಾಲ್ ತಂಡಗಳಲ್ಲಿ ತಮ್ಮ ಸರದಿ ಕಾಯುವ ಹುಡುಗಿಯರು ಸುಮ್ಮನೆ ಕೂರುವುದಿಲ್ಲ. ಚಪ್ಪಾಳೆ ತಟ್ಟುತ್ತಾ ರಾಗವಾಗಿ ಕೂಗು ಹಾಕಿ ಬ್ಯಾಟು ಹಿಡಿದವಳನ್ನು ಹುರಿದುಂಬಿಸುತ್ತಾರೆ. ಎಷ್ಟೋ ಹುಡುಗಿಯರಿಗೆ ಆಟದಷ್ಟೇ ಪ್ರಿಯವಾದದ್ದು ಈ ಗದ್ದಲ.

ವಾಷಿಂಗ್‌ಟನ್‌ನ ಸಂಶೋಧಕಿ ಅಮಾಂಡ ವಿಸೆಕ್ ಮತ್ತು ಸಂಗಡಿಗರು ಮಕ್ಕಳಿಗೆ ಆಟದಲ್ಲಿ ಖುಷಿ ಕೊಡುವ 81 ಅಂಶಗಳನ್ನು ಕಲೆಹಾಕಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನ ನಡೆದದ್ದು ಫುಟ್‌ಬಾಲ್ ಆಡುವ ಮಕ್ಕಳ ನಡುವೆ. ಮೈಮುರಿದು ಆಡುವುದು, ತಂಡದವರೊಂದಿಗೆ ಹೊಂದಿಕೊಳ್ಳುವುದು, ತರಬೇತುದಾರರ ಒಳ್ಳೆಯ ನಡವಳಿಕೆ ಮೇಲಿನ ಸ್ಥಾನದಲ್ಲಿದ್ದವು. 'ಗೆಲ್ಲುವುದು' ಸಿಕ್ಕಿದ್ದು 48ನೆಯ ಸ್ಥಾನದಲ್ಲಿ! ಮಕ್ಕಳಿಗೆ ಗೆಲುವು ಬೇಡವೆಂದಲ್ಲ. ಗೆಲುವಿಗಾಗಿಯೇ ಅವರು ಬರುವುದಿಲ್ಲ, ಅಷ್ಟೆ.

ಸಾಲವಾಗುವ ಪ್ರೀತಿ

ಈ ಎರಡು ಲೆಕ್ಕಗಳು ಮುಖಾಮುಖಿಯಾಗುವುದು ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಮನೆಯ ರಜೆ, ದುಡ್ಡು, ತಮ್ಮ-ತಂಗಿಯರ ಭಾನುವಾರಗಳು ಎಲ್ಲವೂ ಆಟಕ್ಕೆ ಸಂದಿರುತ್ತವೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಮಗಳಿಗೆ ಗೊತ್ತಿರುತ್ತದೆ. ಆಟ ಸಾಕೆನಿಸಿದರೂ 'ಅಪ್ಪ ಇಷ್ಟೆಲ್ಲ ಮಾಡಿದ್ದಾರೆ, ಈಗ ಹೇಗೆ ಬಿಡಲಿ?' ಎಂದು ಮುಂದುವರಿಯುತ್ತಾಳೆ. ಖುಷಿಗೆ ಹಿಡಿದ ಬ್ಯಾಟು ಸಾಲ ತೀರಿಸುವ ದುಡಿಮೆಯಾಗುತ್ತದೆ.

ಇದು ಬರಿಯ ಊಹೆಯಲ್ಲ. ಯೂಟಾ ರಾಜ್ಯದಲ್ಲಿ ಟ್ರಾವಿಸ್ ಡಾರ್ಶ್ ಮತ್ತಿತರರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಟುಂಬದ ಆದಾಯದಲ್ಲಿ ಆಟಕ್ಕೆ ಹೋಗುವ ಪಾಲು ಹೆಚ್ಚಿದಷ್ಟೂ ಮಕ್ಕಳಿಗೆ ಒತ್ತಡದ ಅನುಭವ ಹೆಚ್ಚು, ಒತ್ತಡ ಹೆಚ್ಚಿದಲ್ಲಿ ಆಟದ ಸುಖ ಕಡಿಮೆ ಎಂಬುದು ಕಂಡುಬಂತು. 1973ರಲ್ಲೇ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಇದರ ಮೂಲ ಎಳೆಯನ್ನು ತೋರಿಸಿದ್ದರು. ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಭರವಸೆ ಕೊಟ್ಟರು. ಕೆಲದಿನಗಳ ನಂತರ ಚಿತ್ರದ ಮೇಲೆ ಆಸಕ್ತಿ ಕುಂದಿದ್ದು ಆ ಮಕ್ಕಳಲ್ಲೇ!

ದೇಹವೂ ಲೆಕ್ಕ ಕೇಳುತ್ತದೆ. ಕೆಳಗೈ ಎಸೆತ ಸಹಜವಾದದ್ದು, ಅದರಿಂದ ಅಪಾಯವಿಲ್ಲ ಎಂಬ ನಂಬಿಕೆಯಲ್ಲಿ ಒಬ್ಬಳೇ ಹುಡುಗಿ ವಾರಾಂತ್ಯದ ಹಲವು ಪಂದ್ಯಗಳಲ್ಲಿ ಎಸೆಯುವುದುಂಟು. ಭುಜದ ನೋವು ಈ ಪಿಚರ್‌ಗಳಲ್ಲಿ ಸಾಮಾನ್ಯ. 15-16 ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟುಬೀಳುವುದು ಬೇಡ, ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಬಿಡುವಿರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಸಲಹೆ ಮಾಡಿದೆ.

ಕೇಳಬೇಕಾದ ಪ್ರಶ್ನೆ

ಕರ್ನಾಟಕದ ಪಾಲಕರಿಗೆ ಇದು ದೂರದ ಕಥೆ ಎನ್ನಿಸಬೇಕಾಗಿಲ್ಲ. ಸಾಫ್ಟ್‌ಬಾಲ್ ನಮ್ಮ ಶಾಲಾ-ಕಾಲೇಜು ಕ್ರೀಡಾಕೂಟಗಳಲ್ಲೂ ಇದೆ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ. ಪ್ರಮಾಣಪತ್ರಕ್ಕಾಗಿಯೇ ಆಡುವ, ಆಡಿಸುವ ಪರಿಪಾಠ ಇಲ್ಲಿಯೂ ಅಪರಿಚಿತವಲ್ಲ. ಆಟದ ಜಾಗದಲ್ಲಿ ಸಂಗೀತ, ಭರತನಾಟ್ಯ, ಕೋಚಿಂಗ್ ತರಗತಿ ಯಾವುದನ್ನಿಟ್ಟು ನೋಡಿದರೂ ಮಾತು ಒಪ್ಪುತ್ತದೆ.

ಹಾಗಾದರೆ ಮಾಡುವುದೇನು? ಪ್ರತಿ ವರ್ಷ ಶುಲ್ಕ ಕಟ್ಟುವ ಮುನ್ನ 'ಮುಂದಿನ ವರ್ಷವೂ ಆಡುತ್ತೀಯಾ?' ಎಂದು ಮಗಳನ್ನು ಕೇಳಿ. 'ಬೇಡ' ಎನ್ನಲು ಅವಳಿಗೆ ನಿಜವಾದ ಅವಕಾಶವಿರಲಿ. ಖರ್ಚಿನ ಮಾತನ್ನು ಅವಳ ಆಟದ ಮಾತಿನೊಂದಿಗೆ ಬೆರೆಸಬೇಡಿ. ಸೋತ ದಿನ ಮನೆಗೆ ಮರಳುವ ದಾರಿಯಲ್ಲಿ ಪಂದ್ಯದ ವಿಮರ್ಶೆ ಬೇಡ. ಅವಳೇ ತೆಗೆದರೆ ಕೇಳಿಸಿಕೊಳ್ಳಿ. ಹೆಣ್ಣುಮಕ್ಕಳೂ ಅಷ್ಟೆ, ಬೇಸರವನ್ನು ಭುಜದ ನೋವಿನ ನೆಪದಲ್ಲಿ ಮುಚ್ಚಿಡದೆ ಮನೆಯಲ್ಲಿ ಹೇಳುವುದು ಲೇಸು. ಒಂದು ಸುಸ್ತಿನ ವಾರಕ್ಕೂ ಆಟವೇ ಬೇಡವೆನ್ನುವ ಮನಸ್ಸಿಗೂ ಇರುವ ವ್ಯತ್ಯಾಸ ತಿಳಿಯುವುದು ಹಾಗೆ ಕೂತು ಮಾತನಾಡಿದಾಗಲೇ.

2008ರ ನಂತರ ಒಲಿಂಪಿಕ್ಸ್‌ನಿಂದ ಹೊರಬಿದ್ದ ಸಾಫ್ಟ್‌ಬಾಲ್, 2021ರಲ್ಲಿ ನಡೆದ ಟೋಕಿಯೊ ಕೂಟಕ್ಕೆ ಮರಳಿ, 2024ರ ಪ್ಯಾರಿಸ್‌ನಲ್ಲಿ ಮತ್ತೆ ಕೈಬಿಟ್ಟುಹೋಯಿತು. 2028ರ ಲಾಸ್ ಏಂಜಲಿಸ್ ಕೂಟದ ಪಟ್ಟಿಯಲ್ಲಿ ಪುನಃ ಸೇರಿದೆ. ಪದಕ, ವೇತನ, ಕೋಟಾಗಳು ಹೀಗೆ ಬರುತ್ತವೆ, ಹೋಗುತ್ತವೆ. ಅವುಗಳನ್ನೇ ನೆಚ್ಚಿ ಆಡಿದ ಹುಡುಗಿ ಅವು ಹೋದ ದಿನ ಬರಿಗೈಯಲ್ಲಿ ಉಳಿಯುತ್ತಾಳೆ. ಆಟ ತನ್ನದೆಂದು ಆಡಿದವಳಿಗೆ ಆ ಭಯವಿಲ್ಲ.