ಅಪ್ಪನ ರಜೆಯನ್ನೂ ಇಎಸ್‌ಐ ಭರಿಸಲಿ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ಮಕ್ಕಳಲ್ಲಿ ಯಾವುದರ ಅಪ್ಪ ಸಂಬಳ ಕಳೆದುಕೊಳ್ಳದೆ ಮನೆಯಲ್ಲಿರಬಹುದು ಎಂಬುದು ಅವನಿಗೆ ಕೆಲಸ ಕೊಟ್ಟವರು ಯಾರು ಎಂಬುದರ ಮೇಲೆ ನಿಂತಿದೆ. ಕೇಂದ್ರ ಸರ್ಕಾರದ ಕಾಯಂ ನೌಕರನಿಗೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ, 15 ದಿನಗಳ ಪಿತೃತ್ವ ರಜೆಯಿದೆ. ಹೆರಿಗೆಗೆ 15 ದಿನ ಮೊದಲಿನಿಂದ ಹೆರಿಗೆಯಾದ ಆರು ತಿಂಗಳೊಳಗೆ ಅದನ್ನು ಪಡೆಯಬೇಕು, ತಪ್ಪಿದರೆ ಹೋಯಿತು. ಸಂಬಳ ಪೂರ್ತಿ, ಬೇರೆ ರಜೆಯಿಂದ ಕಡಿತವಿಲ್ಲ. ರಾಜ್ಯ ಸರ್ಕಾರಿ ನೌಕರರಿಗೂ 15 ದಿನವೇ. ಆದರೆ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವವನಿಗೆ, ನೆಹರೂ ರಸ್ತೆಯ ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೆ, ಭದ್ರಾವತಿಯ ಗುತ್ತಿಗೆ ಕಾರ್ಮಿಕನಿಗೆ ಈ ಹಕ್ಕು ಕೊಡುವ ಶಾಸನವೇ ಇಲ್ಲ. ಕಂಪನಿಯ ನಿಯಮದಲ್ಲಿದ್ದರೆ ಉಂಟು. ಇಲ್ಲವಾದರೆ 20 ದಿನ ದುಡಿದರೆ ಒಂದರಂತೆ ಕೂಡಿದ ಗಳಿಕೆ ರಜೆಯನ್ನೇ ಖರ್ಚು ಮಾಡಬೇಕು. ಸಂಸದ ರಾಜೀವ್ ಸಾತವ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಪಿತೃತ್ವ ರಜೆಯ ಖಾಸಗಿ ಮಸೂದೆ ಕಾನೂನಾಗಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅಪ್ಪಂದಿರ ರಜೆಯ ಬಗ್ಗೆ ಮೌನವಾಗಿದೆ.

ಸಣ್ಣ ಫೌಂಡ್ರಿಯ ಮಾಲೀಕ, ‘ಕೆಲಸ ಮಾಡದವನಿಗೆ ಸಂಬಳವನ್ನೂ, ಅವನ ಜಾಗಕ್ಕೆ ಬಂದವನಿಗೆ ಕೂಲಿಯನ್ನೂ ನಾನೇ ಕೊಡಲೇ?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನೌಕರರ ರಾಜ್ಯ ವಿಮಾ (ಇಎಸ್‌ಐ) ಯೋಜನೆಯಲ್ಲೇ ಇದೆ. ವಿಮೆಗೆ ಒಳಪಟ್ಟ ತಾಯಿಗೆ 26 ವಾರಗಳ ಹೆರಿಗೆ ಭತ್ಯೆ ಕೊಡುವುದು ಮಾಲೀಕನಲ್ಲ, ಇಎಸ್‌ಐ ನಿಗಮದ ನಿಧಿ. ತಿಂಗಳಿಗೆ 21,000 ರೂಪಾಯಿ ಪಡೆಯುವ ಕಾರ್ಮಿಕನ ಹೆಸರಿನಲ್ಲಿ ಅವನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25 ಸೇರಿ 840 ರೂಪಾಯಿ ನಿಧಿಗೆ ಹೋಗುತ್ತದೆ. ಅವನ 15 ದಿನದ ಸಂಬಳ ಸುಮಾರು 10,500 ರೂಪಾಯಿ, ಅಂದರೆ ಹನ್ನೆರಡೂವರೆ ತಿಂಗಳ ವಂತಿಗೆ. ಇಡೀ ದುಡಿಮೆಯ ಬದುಕಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಬರುವ ಈ ಖರ್ಚನ್ನು ಎಲ್ಲರ ವಂತಿಗೆಯಿಂದ ತುಂಬುವುದಕ್ಕೇ ಅಲ್ಲವೇ ವಿಮೆ ಇರುವುದು? ಸ್ವೀಡನ್ 1974ರಲ್ಲೇ ಪೋಷಕರ ವಿಮೆಯನ್ನು ಅಪ್ಪನಿಗೂ ತೆರೆಯಿತು. ತಾಯಿಯೊಬ್ಬಳಿಗೇ ದೀರ್ಘ ರಜೆ ಇರುವ ತನಕ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಸೇರಿಸಲು ಹಿಂಜರಿಯುವ ಮಾಲೀಕರಿಗೆ ನೆಪ ಉಳಿದೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ನನಗೆ ಹೆಚ್ಚು ಗಂಭೀರವಾಗಿ ಕಾಣುವ ಆಕ್ಷೇಪ ಮನೆಯೊಳಗಿನದು. ಚೊಚ್ಚಲ ಬಾಣಂತನ ತವರಿನದು, ಗಂಡನಿಗೆ ಅಲ್ಲೇನು ಕೆಲಸ ಎನ್ನುವವರಿದ್ದಾರೆ. ಆದರೆ ಎರಡನೆಯ ಹೆರಿಗೆಗೆ ದೊಡ್ಡ ಮಗುವನ್ನು ಶಾಲೆ ಬಿಡಿಸಿ ತವರಿಗೆ ಹೋಗುವುದು ಎಷ್ಟು ಮನೆಗಳಲ್ಲಿ ಸಾಧ್ಯ? ಬಾಣಂತನ ಮಾಡಬೇಕಾದ ಅಜ್ಜಿಯೇ ಗಾರ್ಮೆಂಟ್ಸ್‌ಗೋ ತೋಟದ ಕೂಲಿಗೋ ಹೋಗುವವಳಾದರೆ? ಮೂರನೆಯ ತಿಂಗಳೋ ಐದನೆಯ ತಿಂಗಳೋ ತವರಿನಿಂದ ಮರಳಿದ ತಾಯಿಗೆ ರಾತ್ರಿಯ ಎಚ್ಚರ, ಅಡುಗೆ, ಮಗು ಮೂರೂ ಒಟ್ಟಿಗೆ ಎದುರಾಗುತ್ತವೆ. ಅಪ್ಪ ಹೆಚ್ಚು ಬೇಕಾಗುವುದು ಆಗಲೇ, ಮತ್ತು ಕೇಂದ್ರದ ನಿಯಮದ ಆರು ತಿಂಗಳ ಮಿತಿಯೊಳಗೆ ಆ ದಿನಗಳೂ ಸೇರುತ್ತವೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗೆ ಒಂದೊಂದು ದಿನದ ಕೂಲಿ ಬಿಡಬೇಕಾದವನಿಗಾಗಿ ರಜೆಯನ್ನು ಬಿಡಿಬಿಡಿಯಾಗಿ ಬಳಸುವ ಅವಕಾಶವನ್ನೂ ಸೇರಿಸಬೇಕು.

ಇಎಸ್‌ಐ ವ್ಯಾಪ್ತಿಯ ಹೊರಗಿರುವವರೂ ಬಹಳ ಮಂದಿ. ಅವರಿಗೆ ಪ್ರತ್ಯೇಕ ಶಾಸನವೇ ಬೇಕು. ಆದರೆ ಕಂಪನಿಯೊಂದು ತಾನಾಗಿ ರಜೆ ಕೊಡಲು ಇಂದಿಗೂ ಅಡ್ಡಿಯಿಲ್ಲ. ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆಗಳ ಕಾಲದಿಂದ ಚೌಕಾಸಿಯ ಅನುಭವವಿರುವ ಭದ್ರಾವತಿಯ ಕಾರ್ಮಿಕ ಸಂಘಗಳು ಬೋನಸ್, ತುಟ್ಟಿಭತ್ಯೆಯ ಪಕ್ಕದಲ್ಲಿ ಪಿತೃತ್ವ ರಜೆಯನ್ನೂ ಮುಂದಿನ ಬೇಡಿಕೆ ಪಟ್ಟಿಗೆ ಸೇರಿಸಬಹುದು. ಗುತ್ತಿಗೆಯವರನ್ನೂ ಅದರಿಂದ ಹೊರಗಿಡಬಾರದು.