ವೈರಸ್ಸು ಜೀವಕೋಶದ ಕಡಿವಾಣ ಕಳಚುವ ಬಗೆ

ಖೋಖೋ ಆಡುವಾಗ ಮೊಣಕಾಲು ತರಚಿದರೆ ಎಂಟು-ಹತ್ತು ದಿನಗಳಲ್ಲಿ ಹೊಸ ಚರ್ಮ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಗಾಯ ಕೂಡಿದೊಡನೆ ಚರ್ಮ ಬೆಳೆಯುವುದನ್ನು ಏಕೆ ನಿಲ್ಲಿಸುತ್ತದೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ನಿಜವಾಗಿ ಬೆರಗಿನ ಸಂಗತಿ ಅದೇ. ಬೆಳೆಯುವುದು ಜೀವಕೋಶದ ಸಹಜ ಗುಣ; ಬೇಕಾದಾಗ ಬೆಳೆದು ಬೇಡವಾದಾಗ ನಿಲ್ಲುವುದು ಅದರ ಶಿಸ್ತು. ಈ ಶಿಸ್ತು ತಪ್ಪಿದ ಸ್ಥಿತಿಗೇ ಕ್ಯಾನ್ಸರ್ ಎಂದು ಹೆಸರು.

ಶಿಸ್ತು ತಪ್ಪಲು ಕಾರಣಗಳು ಹಲವು. ತಂಬಾಕು, ಕೆಲವು ರಾಸಾಯನಿಕಗಳು, ವಿಕಿರಣ, ವಯಸ್ಸು, ಕೆಲವೊಮ್ಮೆ ಹುಟ್ಟಿನಿಂದಲೇ ಬಂದ ದೋಷ. ಇವುಗಳ ಜೊತೆಗೆ ಕೆಲವು ವೈರಸ್ಸುಗಳೂ ಈ ಸಾಲಿನಲ್ಲಿ ನಿಲ್ಲುತ್ತವೆ. ಹಾಗೆಂದ ಮಾತ್ರಕ್ಕೆ ಕ್ಯಾನ್ಸರ್ ರೋಗಿಯನ್ನು ಮುಟ್ಟಿದರೆ ಕ್ಯಾನ್ಸರ್ ಅಂಟುತ್ತದೆಂದು ಯಾರೂ ತಿಳಿಯಬಾರದು. ನಮ್ಮ ಕಡೆಯ ಹಳ್ಳಿಗಳಲ್ಲಿ ಅಂಥ ರೋಗಿಗಳ ತಟ್ಟೆ-ಲೋಟವನ್ನು ಬೇರೆ ಇಡುವುದುಂಟು. ಅದು ಬರಿಯ ಅಜ್ಞಾನ. ಅಂಟುವುದು ವೈರಸ್ಸು, ಕ್ಯಾನ್ಸರ್ ಅಲ್ಲ. ವೈರಸ್ಸು ಅಂಟಿದವರಲ್ಲಿಯೂ ಬಹಳ ಸ್ವಲ್ಪ ಮಂದಿಗೆ ಮಾತ್ರ ಮುಂದೆ ಕ್ಯಾನ್ಸರ್ ಆಗುತ್ತದೆ.

ವೈರಸ್ಸಿಗೂ ಕ್ಯಾನ್ಸರಿಗೂ ಸಂಬಂಧವುಂಟೆಂದು ಮೊದಲು ತೋರಿಸಿದವರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಪ್ರಮುಖರು. ಅವರು ಒಂದು ಕೋಳಿಯ ಗಂತಿಯನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಗಳಾಗಲಿ ದಾಟಲಾರದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಂತಿ ಎದ್ದಿತು. ಇದನ್ನು 1911ರಲ್ಲಿ ಪ್ರಕಟಿಸಿದಾಗ ಹೆಚ್ಚಿನವರು ಕೋಳಿಯ ಮಾತು ಕೋಳಿಗೇ ಎಂದು ಸುಮ್ಮನಾದರು. ರೌಸರಿಗೆ ನೊಬೆಲ್ ಪಾರಿತೋಷಕ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ! ಅನಂತರ ಇಂಥ ವೈರಸ್ಸುಗಳು ಮನುಷ್ಯರಲ್ಲಿಯೂ ಸಿಕ್ಕಿವೆ. ಯಕೃತ್ತಿಗೆ ಕೇಡು ಮಾಡುವ ಹೆಪಟೈಟಿಸ್ ಬಿ ಅವುಗಳಲ್ಲಿ ಒಂದು. ಇಲ್ಲಿ ನಾವು ಒಂದೇ ವೈರಸ್ಸನ್ನು ಹಿಡಿದು ಅದರ ಕೈಚಳಕವನ್ನು ನೋಡೋಣ. ಅದು ಹೆಂಗಸರ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮ ವೈರಸ್, ಚಿಕ್ಕದಾಗಿ ಎಚ್.ಪಿ.ವಿ. ಶಾಲೆಯ ವಾರ್ಷಿಕಾಂಕದಲ್ಲಿ ಈ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 20 ಸಾವಿರ ಹೆಂಗಸರಿಗೆ ಈ ರೋಗ ಹೊಸದಾಗಿ ಬರುತ್ತದೆ. 75 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರು ನಮ್ಮ ಮನೆಗಳ ತಾಯಂದಿರೇ. ನಾಚಿಕೆಯಿಂದ ಬಚ್ಚಿಟ್ಟ ರೋಗ ವಾಸಿಯಾಗುವುದಿಲ್ಲ.

ಮೊದಲು ಜೀವಕೋಶದ ದಿನಚರಿಯನ್ನು ತಿಳಿಯಬೇಕು. ಪ್ರಯೋಗಶಾಲೆಯಲ್ಲಿ ಬೆಳೆಯುವ ಮನುಷ್ಯನ ಜೀವಕೋಶ ಒಂದು ಸಲ ಎರಡಾಗಲು ಸುಮಾರು 24 ತಾಸು ಹಿಡಿಯುತ್ತದೆ. ಮೊದಲು ಸಿದ್ಧತೆಯ ಕಾಲ. ಆಮೇಲೆ ಸುಮಾರು 8 ತಾಸು ಡಿ.ಎನ್.ಎ.ಯ ನಕಲು ತೆಗೆಯುವ ಕಾಲ. ಮತ್ತೆ ಒಂದಿಷ್ಟು ತಪಾಸಣೆ. ಕೊನೆಗೆ ಸುಮಾರು ಒಂದು ತಾಸಿನಲ್ಲಿ ಒಂದು ಎರಡಾಗುತ್ತದೆ. ನಮ್ಮ ಪಾಠಪುಸ್ತಕದ ಚಿತ್ರಗಳೆಲ್ಲ ಈ ಕೊನೆಯ ಒಂದು ತಾಸಿನವು; ಆದರೆ ಮುಖ್ಯ ನಿರ್ಧಾರ ಆಗುವುದು ಸಿದ್ಧತೆಯ ಕಾಲದಲ್ಲಿ. ನಕಲು ಶುರುಮಾಡಬೇಕೇ, ಬೇಡವೇ? ಒಮ್ಮೆ ಶುರುವಾದರೆ ಜೀವಕೋಶ ಸಾಮಾನ್ಯವಾಗಿ ವಿಭಜನೆಯವರೆಗೂ ಹೋಗುತ್ತದೆ.

ಈ ಬಾಗಿಲನ್ನು ಕಾಯುವ ಪ್ರೋಟೀನಿಗೆ ಆರ್.ಬಿ. ಎಂದು ಹೆಸರು. ಎಳೆಯ ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರಿನಲ್ಲಿ ಇದರ ಜೀನು ಕೆಟ್ಟಿರುವುದು ಕಂಡುಬಂದದ್ದರಿಂದ ಆ ಹೆಸರು. ಡಿ.ಎನ್.ಎ. ನಕಲಿಗೆ ಬೇಕಾದ ಜೀನುಗಳನ್ನು ಎಬ್ಬಿಸುವ ಇ-2-ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಆರ್.ಬಿ. ಅಪ್ಪಿ ಹಿಡಿದಿರುತ್ತದೆ. ಹೊರಗಿನಿಂದ ‘ಬೆಳೆಯಿರಿ’ ಎಂಬ ಸಂದೇಶ ಬಂದರೆ ಆರ್.ಬಿ.ಯ ಮೈಮೇಲೆ ರಂಜಕದ ಗುಂಪುಗಳು ಅಂಟಿ ಅದರ ಹಿಡಿತ ಸಡಿಲಾಗುತ್ತದೆ. ಇ-2-ಎಫ್ ಬಿಡುಗಡೆಯಾಗಿ ಕೆಲಸ ಶುರು. ಸಂದೇಶವಿಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ.

ಎರಡನೆಯ ಕಾವಲುಗಾರ ಪಿ-53. ಸೊಲ್ಲಾಪುರದ ಚಾದರು ನೇಯುವ ಕಾರಖಾನೆಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಹರಿದರೆ ಮಗ್ಗ ತಾನಾಗಿಯೇ ನಿಲ್ಲುವ ಏರ್ಪಾಡಿರುತ್ತದೆ. ಇಲ್ಲವಾದರೆ ಗಜಗಟ್ಟಲೆ ಬಟ್ಟೆ ಕೆಟ್ಟುಹೋದೀತು. ಪಿ-53 ಅಂಥ ಏರ್ಪಾಡು. ಡಿ.ಎನ್.ಎ.ಯ ಎಳೆ ಹರಿದರೆ ಇದು ಚಕ್ರವನ್ನು ನಿಲ್ಲಿಸಿ ರಿಪೇರಿಗೆ ಅವಕಾಶ ಕೊಡುತ್ತದೆ. ಆದರೆ ಮಗ್ಗಕ್ಕಿಲ್ಲದ ಒಂದು ಕಠೋರ ಅಧಿಕಾರ ಇದಕ್ಕಿದೆ. ರಿಪೇರಿ ಸಾಧ್ಯವಿಲ್ಲವೆಂದು ಕಂಡರೆ ಜೀವಕೋಶವೇ ತನ್ನನ್ನು ತಾನು ಕೊಂದುಕೊಳ್ಳುವಂತೆ ಮಾಡುತ್ತದೆ.

ಇನ್ನು ವೈರಸ್ಸಿನ ಕಡೆ ನೋಡೋಣ. ಎಚ್.ಪಿ.ವಿ. ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 18 ಸಾವಿರ ಕಣಗಳನ್ನು ಸಾಲಾಗಿ ಇಡಬಹುದು. ನಮ್ಮ ವರ್ಣತಂತುಗಳ ಒಂದು ಪೂರ್ಣ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಇದರ ಡಿ.ಎನ್.ಎ.ಯಲ್ಲಿ ಸುಮಾರು 8 ಸಾವಿರ ಮಾತ್ರ. ಇಷ್ಟು ಬಡವನ ಮನೆಯಲ್ಲಿ ನಕಲು ತೆಗೆಯುವ ಯಂತ್ರವಿರುವುದು ಹೇಗೆ? ಅದನ್ನು ಜೀವಕೋಶದಿಂದಲೇ ಎರವಲು ಪಡೆಯಬೇಕು. ತೊಂದರೆಯೆಂದರೆ, ಈ ವೈರಸ್ಸು ಹೆಚ್ಚಾಗಿ ಸಂತತಿ ಬೆಳೆಸುವುದು ಚರ್ಮದ, ಲೋಳೆಪೊರೆಯ ಮೇಲಿನ ಪದರಗಳಲ್ಲಿ. ಅಲ್ಲಿಯ ಕೋಶಗಳು ವಿಭಜನೆಯನ್ನು ನಿಲ್ಲಿಸಿ ಉದುರಿಹೋಗಲು ಕಾದಿರುವಂಥವು. ಯಂತ್ರಗಳಿಗೆಲ್ಲ ಬೀಗ ಬಿದ್ದಿರುತ್ತದೆ. ಆದ್ದರಿಂದ ವೈರಸ್ಸು ಬೀಗ ಮುರಿಯುತ್ತದೆ.

ಈ ಕೆಲಸಕ್ಕೆ ಅದರ ಬಳಿ ಇರುವ ಆಯುಧಗಳು ಇ-6, ಇ-7 ಎಂಬ ಎರಡು ಚಿಕ್ಕ ಪ್ರೋಟೀನುಗಳು. (ವಿಜ್ಞಾನಿಗಳು ಹೆಸರಿಡುವುದರಲ್ಲಿ ಜಿಪುಣರು.) ಇ-7 ಹೋಗಿ ಆರ್.ಬಿ.ಗೆ ಗಂಟುಬಿದ್ದು ಅದನ್ನು ನಾಶಕ್ಕೆ ತಳ್ಳುತ್ತದೆ. ಇ-2-ಎಫ್ ಬಿಡುಗಡೆಯಾಗುತ್ತದೆ, ಹೊರಗಿನ ಯಾವ ಅಪ್ಪಣೆಯೂ ಇಲ್ಲದೆ ನಕಲು ಶುರುವಾಗುತ್ತದೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಯಂತ್ರ ಹೊರಳುವ ಸದ್ದು ಪಿ-53ರ ಕಿವಿಗೆ ಬೀಳದಿರುವುದಿಲ್ಲ. ಅದು ಎಚ್ಚತ್ತರೆ ಜೀವಕೋಶ ಸಾಯುತ್ತದೆ, ಅದರೊಡನೆ ವೈರಸ್ಸಿನ ಆಸೆಯೂ. ಇಲ್ಲಿ ಇ-6ರ ಕೆಲಸ ಬರುತ್ತದೆ. ಜೀವಕೋಶದಲ್ಲಿ ಹಳೆಯ ಪ್ರೋಟೀನುಗಳಿಗೆ ಗುರುತು ಹಚ್ಚಿ ತಿಪ್ಪೆಗೆ ಕಳಿಸುವ ವ್ಯವಸ್ಥೆಯೊಂದಿದೆ. ಇ-6 ಆ ವ್ಯವಸ್ಥೆಯ ಒಬ್ಬ ನೌಕರನನ್ನು ಒಳಗೆ ಹಾಕಿಕೊಂಡು ಪಿ-53ಕ್ಕೇ ಗುರುತು ಹಚ್ಚಿಸುತ್ತದೆ. ಕಾವಲುಗಾರನೇ ಕಸದ ಜೊತೆ ಹೋಗುತ್ತಾನೆ.

ಕೋತಿಗಳಲ್ಲಿ ಸಿಕ್ಕ ಎಸ್.ವಿ.-40 ಎಂಬ ವೈರಸ್ಸು, ನೆಗಡಿಯಂಥ ಬೇನೆ ತರುವ ಅಡೆನೋ ವೈರಸ್ಸು ಬೇರೆ ಬೇರೆ ಕುಲದವು. ಆದರೂ ಅವೆರಡೂ ತಮ್ಮದೇ ಪ್ರೋಟೀನುಗಳಿಂದ ಇದೇ ಆರ್.ಬಿ.ಯನ್ನೂ ಇದೇ ಪಿ-53ನ್ನೂ ಹಿಡಿಯುತ್ತವೆ. ಮೂವರು ಕಳ್ಳರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪೆಟ್ಟಿಗೆಗೆ ಕೈಹಾಕಿದರೆ ಬೆಲೆಯುಳ್ಳದ್ದು ಅಲ್ಲೇ ಇದೆ ಎಂದರ್ಥವಷ್ಟೆ. ಪಿ-53 ಮೊದಲು ಬೆಳಕಿಗೆ ಬಂದದ್ದೇ ಹೀಗೆ, 1979ರಲ್ಲಿ, ಕೋತಿಯ ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡಿದ್ದಾಗ. ಹತ್ತು ವರ್ಷಗಳ ಕಾಲ ಇದೇ ಕ್ಯಾನ್ಸರ್ ಉಂಟುಮಾಡುವ ಪ್ರೋಟೀನೆಂದು ಭಾವಿಸಲಾಗಿತ್ತು. ಇದು ಅಪರಾಧಿಯಲ್ಲ, ಕಾವಲುಗಾರನೆಂದು ಸ್ಪಷ್ಟವಾದದ್ದು 1989ರ ಸುಮಾರಿಗೆ.

ಇಷ್ಟಾದರೂ ವೈರಸ್ಸಿಗೆ ಕ್ಯಾನ್ಸರ್ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಸಂತತಿ ಮಾತ್ರ. ಹೆಚ್ಚಿನ ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ಅಡಗಿಸುತ್ತದೆ. ಎಲ್ಲೋ ಕೆಲವರಲ್ಲಿ ಸೋಂಕು ಉಳಿಯುತ್ತದೆ. ಅವರಲ್ಲಿಯೂ ಕೆಲವೊಮ್ಮೆ ವೈರಸ್ಸಿನ ಡಿ.ಎನ್.ಎ. ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಹಾಗೆ ತುಂಡಾಗುವಾಗ ಇ-6, ಇ-7ನ್ನು ಹತೋಟಿಯಲ್ಲಿಡುವ ಇ-2 ಎಂಬ ಜೀನು ಹಾಳಾದರೆ ಆ ಎರಡೂ ಮಿತಿಯಿಲ್ಲದೆ ತಯಾರಾಗುತ್ತವೆ. ಇಂಥ ಕೋಶದಿಂದ ಹೊಸ ವೈರಸ್ಸು ಹುಟ್ಟುವುದಿಲ್ಲ. ಕಳ್ಳನೂ ಹಾಳು, ಮನೆಯೂ ಹಾಳು. ಕಾವಲಿಲ್ಲದ ಕೋಶ ಒಡೆಯುತ್ತ ಹೋದಂತೆ ತಪ್ಪುಗಳು ಒಂದರ ಮೇಲೊಂದು ಸೇರಿ, ಸಾಮಾನ್ಯವಾಗಿ 15-20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ.

1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಮಹಿಳೆ ಈ ರೋಗದಿಂದಲೇ ತೀರಿಕೊಂಡರು. ಅವರನ್ನು ಕೇಳದೆಯೇ ತೆಗೆದಿಟ್ಟ ಗಂತಿಯ ಕೋಶಗಳು ‘ಹೀಲಾ’ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಎಚ್.ಪಿ.ವಿ. 18ನೆಯ ಬಗೆಯ ಡಿ.ಎನ್.ಎ. ಇದೆ. ಈ ಕೋಶಗಳಿಗೆ ಇ-2ನ್ನು ಮರಳಿ ಕೊಟ್ಟು ಇ-6, ಇ-7ರ ಬಾಯಿ ಮುಚ್ಚಿಸಿ ನೋಡಿದ್ದಾರೆ. ದಶಕಗಳ ಕಾಲ ಹುಚ್ಚಾಗಿ ಬೆಳೆದ ಕೋಶಗಳಲ್ಲಿ ಪಿ-53 ಮತ್ತೆ ಎಚ್ಚತ್ತು, ಆರ್.ಬಿ. ಮತ್ತೆ ಬಾಗಿಲು ಹಾಕಿ, ವಿಭಜನೆ ನಿಂತುಬಿಟ್ಟಿತು! ಕಾವಲುಗಾರರ ಜೀನುಗಳು ಅಲ್ಲಿ ಅಷ್ಟು ಕಾಲವೂ ಇದ್ದವು. ಅವರಿಗೆ ಏಳಲು ಬಿಟ್ಟಿರಲಿಲ್ಲ, ಅಷ್ಟೆ.

ಈ ವೈರಸ್ಸಿನ 16ನೆಯ ಬಗೆಯನ್ನು 1983ರಲ್ಲೂ 18ನೆಯ ಬಗೆಯನ್ನು 1984ರಲ್ಲೂ ಗುರುತಿಸಿದ್ದು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಮತ್ತು ಸಂಗಡಿಗರು. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಇವೆರಡರಿಂದಲೇ. ತ್ಸುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 2006ರಲ್ಲಿ, ಲಸಿಕೆ ಬಂದಿತ್ತು. ನಮ್ಮ ಪುಣೆಯಲ್ಲಿ ತಯಾರಾಗುವ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಈ ಲಸಿಕೆಗಳಲ್ಲಿ ವೈರಸ್ಸಿನ ಹೊರಚಿಪ್ಪಿನ ಪ್ರೋಟೀನು ಮಾತ್ರ ಇರುತ್ತದೆ, ಡಿ.ಎನ್.ಎ. ಇರುವುದಿಲ್ಲ; ಆದ್ದರಿಂದ ಲಸಿಕೆಯಿಂದಲೇ ರೋಗ ಬಂದೀತೆಂಬ ಭಯಕ್ಕೆ ಆಧಾರವಿಲ್ಲ. ದೇಹ ಆ ಚಿಪ್ಪನ್ನು ನೆನಪಿಟ್ಟುಕೊಂಡು ನಿಜವಾದ ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೆ ಒಳಗೆ ನುಗ್ಗಿ ವರ್ಣತಂತುವಿನಲ್ಲಿ ಅಡಗಿದ ಮೇಲೆ ವೈರಸ್ಸಿಗೆ ಚಿಪ್ಪೇ ಇಲ್ಲ. ಆಗ ಲಸಿಕೆ ಯಾರನ್ನು ಹಿಡಿಯಬೇಕು? ಅದಕ್ಕಾಗಿಯೇ ಸೋಂಕಿಗೆ ಬಹಳ ಮೊದಲು, 9ರಿಂದ 14 ವರ್ಷದ ಹುಡುಗಿಯರಿಗೆ ಇದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಪುಟ ಓದುತ್ತಿರುವ ಅನೇಕರ ವಯಸ್ಸು ಅದೇ.

ಆ ವಯಸ್ಸು ದಾಟಿದ ತಾಯಂದಿರಿಗೆ ತಪಾಸಣೆಯುಂಟು. ಇದರ ಬಗ್ಗೆ ಜಗತ್ತೇ ಓದಿದ ಒಂದು ಅಧ್ಯಯನ ನಮ್ಮ ನೆರೆಯಲ್ಲೇ ನಡೆಯಿತು. ನಮ್ಮ ಜಿಲ್ಲೆಯ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರೂ ಇತರರೂ ಸೇರಿ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1 ಲಕ್ಷ 31 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನಾಲ್ಕು ಗುಂಪು ಮಾಡಿ ಎಂಟು ವರ್ಷ ಗಮನಿಸಿದರು. 2009ರಲ್ಲಿ ಫಲಿತಾಂಶ ಹೊರಬಂತು. ತಪಾಸಣೆಯಿಲ್ಲದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ 64 ಜನ ಸತ್ತಿದ್ದರು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿದ ಗುಂಪಿನಲ್ಲಿ 34. ಒಂದು ಗುಂಪನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ಆಮೇಲೆ ಹಲವರು ಕೇಳಿದರು. ಆ ಪ್ರಶ್ನೆ ನಮಗೂ ನ್ಯಾಯವಾಗಿಯೇ ತೋರುತ್ತದೆ. ಇನ್ನು ಪರೀಕ್ಷೆಯಲ್ಲಿ ವೈರಸ್ಸು ಇಲ್ಲವೆಂದು ಕಂಡ ಹೆಂಗಸರಲ್ಲಿ ಆ ಎಂಟು ವರ್ಷಗಳಲ್ಲಿ ಒಬ್ಬರೂ ಈ ರೋಗದಿಂದ ಸಾಯಲಿಲ್ಲ.