ಸಾಕಿದ ಕೋಳಿಯ ಉಸಿರು

ಕೋಳಿಯು ತನ್ನ ಬೇನೆಯನ್ನು ಬಚ್ಚಿಡುವ ಪ್ರಾಣಿ. ಬಲಹೀನವೆಂದು ಕಂಡರೆ ಜೊತೆಯ ಕೋಳಿಗಳೇ ಅದನ್ನು ಕುಕ್ಕುವುವು. ಆದುದರಿಂದ ಅದು ರೆಕ್ಕೆ ಜೋಲಿಸಿ ಮೂಲೆ ಸೇರಿದುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ರೋಗವು ಬಹುದೂರ ಮುಂದುವರಿದಿರುವುದು. ಹಿತ್ತಲಲ್ಲಿ ನಾಲ್ಕಾರು ಕೋಳಿಗಳನ್ನು ಅಕ್ಕರೆಯಿಂದ ಸಾಕುವವರು ಮೊದಲು ಅವುಗಳ ಉಸಿರಿಗೆ ಕಿವಿಗೊಡುವುದನ್ನು ಕಲಿಯಬೇಕು.

ಕೋಳಿಯ ಶ್ವಾಸಕೋಶಗಳಿಗೆ 9 ಗಾಳಿಚೀಲಗಳು ಕೂಡಿಕೊಂಡು ಮೈಯೊಳಗೆಲ್ಲ ಹರಡಿರುವುವು. ಕೆಲವು ಎಲುಬಿನ ಪೊಳ್ಳನ್ನೂ ಹೊಕ್ಕಿರುವುವು. ಆದಕಾರಣ ಮೂಗಿನಲ್ಲಿ ಹುಟ್ಟಿದ ನೆಗಡಿಯು ಒಡಲಿನ ಆಳಕ್ಕೆ ಇಳಿಯಲು ಹೆಚ್ಚು ದಿನ ಬೇಕಾಗಿಲ್ಲ.

ಹಿಂದೆ ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಮೂರು ಊರುಗಳನ್ನು ನೋಡೋಣ. ಕಡೂರಿನ ಬಯಲುಸೀಮೆಯಲ್ಲಿ ವೈಶಾಖದ ನಡುಹಗಲು ಕೋಳಿಯು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಗಾಬರಿಪಡಬೇಕಾಗಿಲ್ಲ. ಅದಕ್ಕೆ ಬೆವರಿಲ್ಲ, ಬಾಯಿಂದಲೇ ಮೈಯ ಕಾವನ್ನು ಕಳೆಯುವುದು. ನೆರಳನ್ನೂ ತಣ್ಣೀರನ್ನೂ ಒದಗಿಸಿದರೆ ಸಾಕು. ಆದರೆ ತಂಪಾದ ಬೆಳಗಿನಲ್ಲಿಯೂ ಬಾಯಿ ತೆರೆದೇ ಉಸಿರಾಡಿದರೆ ಅದು ರೋಗವೇ ಸರಿ. ಮಲೆನಾಡಿನ ಅಂಚಿನ ತರೀಕೆರೆಯಲ್ಲಿ ಮಳೆಗಾಲದ ತೇವವೇ ಶತ್ರು. ಗೂಡಿನ ನೆಲ ಒದ್ದೆಯಾದರೆ ಹಿಕ್ಕೆಯಿಂದ ಅಮೋನಿಯಾ ಏಳುವುದು. ಬಗ್ಗಿ ನೋಡಿದಾಗ ನಮ್ಮ ಕಣ್ಣು ಉರಿದರೆ, ಇರುಳೆಲ್ಲ ಅಲ್ಲಿಯೇ ಕುಳಿತ ಕೋಳಿಯ ಗಂಟಲಿನ ಗತಿಯೇನು? ಬೂಷ್ಟು ಹಿಡಿದ ಹುಲ್ಲನ್ನು ಹಾಸಿದರೆ ಶಿಲೀಂಧ್ರವು ಶ್ವಾಸಕೋಶಕ್ಕೇ ಬೇರೂರುವುದುಂಟು. ಅಜ್ಜಂಪುರವು ಅಮೃತಮಹಲ್ ದನಗಳ ತಳಿಕೇಂದ್ರದಿಂದ ಹೆಸರಾದ ಊರು. ಹಸು ಕೆಮ್ಮಿದರೆ ವೈದ್ಯರನ್ನು ಕರೆಯುವ ನಾವು, ಕೋಳಿ ಸೀನಿದರೆ ಸಾರಿನ ಮಾತನ್ನಾಡುವೆವು. ಈ ಭೇದ ತರವಲ್ಲ.

ರಾತ್ರಿ ಗೂಡು ನಿಶ್ಶಬ್ದವಾದ ಮೇಲೆ ಕಿವಿಯಿಟ್ಟು ಕೇಳಬೇಕು. ಗೊರಗೊರ ಸದ್ದು ವಾರಗಟ್ಟಲೆ ನಿಲ್ಲದಿದ್ದರೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಶಂಕೆಯುಂಟು. ಮುಖ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿದರೆ ಅಂಟುನೆಗಡಿಯಿರಬಹುದು. ಏದುಸಿರಿನೊಡನೆ ಹಸಿರು ಭೇದಿಯಾಗಿ, ಕತ್ತು ತಿರುಚಿ, ಒಂದರ ಹಿಂದೆ ಒಂದು ಸಾಯತೊಡಗಿದರೆ ಕೊಕ್ಕರೆ ರೋಗವೆಂದು ಭಯಪಡಬೇಕು. ರಾಣಿಖೇತ್ ಎಂಬ ಹೆಸರೂ ಇದಕ್ಕುಂಟು. ಇದು ವೈರಸಿನಿಂದ ಬರುವುದು, ಬಂದ ಮೇಲೆ ಮದ್ದಿಲ್ಲ. ಮುಂಚಿತವಾಗಿ ಲಸಿಕೆಯೊಂದೇ ದಾರಿ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, 8ನೆಯ ವಾರದ ಸುಮಾರಿಗೆ ಚುಚ್ಚುಮದ್ದು.

ಮೊದಲ ಸೀನು ಕೇಳಿದೊಡನೆ ಆ ಕೋಳಿಯನ್ನು ಬೇರ್ಪಡಿಸಿ, ಚಳಿಗಾಳಿ ಹೊಡೆಯದ ಒಣ ಜಾಗದಲ್ಲಿ, ಗಾಳಿಯಾಡುವ ಮಂಕರಿಯಡಿಯಲ್ಲಿಡಬೇಕು. ನೀರು, ಮೆತ್ತಗಿನ ಕಾಳು ಹತ್ತಿರವಿರಲಿ. ದಿನವೂ ಎದೆಯ ಎಲುಬನ್ನು ಮುಟ್ಟಿ ನೋಡುವುದು ಒಳ್ಳೆಯದು. ಅದು ಕತ್ತಿಯಂತೆ ಚೂಪಾಗುತ್ತ ಬಂದರೆ ಕೋಳಿ ಸೊರಗುತ್ತಿದೆಯೆಂದು ತಿಳಿಯತಕ್ಕದ್ದು. ಆರೋಗ್ಯವಾಗಿರುವ ಕೋಳಿಗಳಿಗೆ ಮೊದಲು ಮೇವಿಟ್ಟು, ರೋಗಿಯನ್ನು ಕಡೆಯಲ್ಲಿ ಮುಟ್ಟಿ, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬೆಳ್ಳುಳ್ಳಿಯ ರಸವನ್ನೋ ಎಣ್ಣೆಯನ್ನೋ ಗಂಟಲಿಗೆ ಸುರಿಯಕೂಡದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ, ಸುರಿದ ಮದ್ದು ಉಸಿರಿನ ದಾರಿ ಹಿಡಿದು ಪ್ರಾಣವನ್ನೇ ತೆಗೆಯಬಹುದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಪುಡಿಮಾಡಿ ಕೊಡುವುದೂ ತಪ್ಪು. ಪ್ರತಿಜೀವಕವು ವೈರಸಿಗೂ ಶಿಲೀಂಧ್ರಕ್ಕೂ ತಾಗದು, ಅದರ ಶೇಷ ಮಾತ್ರ ಮೊಟ್ಟೆಯ ಮೂಲಕ ಮಕ್ಕಳ ತಟ್ಟೆಗೆ ಬರುವುದು. ಯಾವ ರೋಗಕ್ಕೆ ಯಾವ ಮದ್ದು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಹಲವು ಕೋಳಿಗಳು ಒಮ್ಮೆಲೇ ಸತ್ತರೆ, ಉಳಿದವನ್ನು ಅವಸರದಿಂದ ಸಂತೆಗೆ ಸಾಗಿಸುವುದೂ ಸತ್ತವನ್ನು ಕೆರೆಗೆ ಎಸೆಯುವುದೂ ಊರಿಗೆಲ್ಲ ಕೇಡು. ಹಕ್ಕಿಜ್ವರವಾಗಿದ್ದರೆ ಅದು ಮನುಷ್ಯರಿಗೂ ತಗಲಬಲ್ಲುದು. ಬರಿಗೈಯಿಂದ ಮುಟ್ಟದೆ ಒಡನೆಯೇ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸತಕ್ಕದ್ದು.

ಇಂದು ರಾತ್ರಿ ಮಲಗುವ ಮುನ್ನ ಒಂದು ನಿಮಿಷ ಗೂಡಿನ ಬಳಿ ನಿಲ್ಲೋಣ. ಅಲ್ಲಿ ಏನೂ ಕೇಳಿಸದಿದ್ದರೆ ಅದೇ ಶುಭವಾರ್ತೆ.